ಮೂರು ವರ್ಷ, ಹನ್ನೆರಡು ವರ್ಷ: ಕೋರ್ಟಿನ ಗಡಿಯಾರ ಎಲ್ಲಿಂದ ಬಂತು?

ತಾಲ್ಲೂಕು ಕೋರ್ಟಿನ ಆವರಣದಲ್ಲಿ ಅರ್ಧ ದಿನ ನಿಂತರೆ ಸಾಕು, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಲಿಮಿಟೇಶನ್ ಆಗಿಹೋಗಿದೆ ಯಜಮಾನ್ರೆ, ಇನ್ನು ಕೇಸ್ ನಿಲ್ಲಲ್ಲ." ಇಂಗ್ಲಿಷ್ ಬಾರದವರಿಗೂ ಈ ಒಂದು ಇಂಗ್ಲಿಷ್ ಪದ ಗೊತ್ತು. ಪ್ರೋನೋಟಿಗೆ ಮೂರು ವರ್ಷ, ಜಮೀನಿಗೆ ಹನ್ನೆರಡು ವರ್ಷ ಎಂಬ ಲೆಕ್ಕವೂ ಗೊತ್ತು. ಆದರೆ ಈ ಲೆಕ್ಕ ಹಾಕಿದವರು ಯಾರು? ಹನ್ನೆರಡೇ ಏಕೆ, ಇಪ್ಪತ್ತು ಏಕಲ್ಲ? ನ್ಯಾಯ ನಮ್ಮ ಕಡೆ ಇದ್ದರೂ ತಡವಾಯಿತು ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದು ಸರಿಯೇ? ಇದಕ್ಕೆ ಉತ್ತರ ಹುಡುಕಿದರೆ ಕಲ್ಯಾಣದ ಚಾಲುಕ್ಯರಿಂದ ಹಿಡಿದು ಕೆಂಗೇರಿಯ ಬಡಾವಣೆಗಳವರೆಗೆ ಹೋಗಬೇಕಾಗುತ್ತದೆ.

ಕಲ್ಯಾಣದಲ್ಲಿ ಬರೆದ ಮಾತು

ಗಡುವಿನ ಕಾನೂನು ಬ್ರಿಟಿಷರು ತಂದದ್ದು ಎಂದು ಅನೇಕರು ತಿಳಿದಿದ್ದಾರೆ. ಅರ್ಧ ನಿಜ. ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಇದರ ಮಾತಿದೆ. ತನ್ನ ಭೂಮಿಯನ್ನು ಬೇರೆಯವನು ಅನುಭವಿಸುವುದನ್ನು ಕಣ್ಣಾರೆ ಕಂಡೂ ಬಾಯಿ ಬಿಡದೆ 20 ವರ್ಷ ಕೂತರೆ ಮಾಲೀಕನಿಗೆ ನಷ್ಟ. ಚರ ಆಸ್ತಿಯಾದರೆ 10 ವರ್ಷ.

ಈ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದವನು ವಿಜ್ಞಾನೇಶ್ವರ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು. ಅವನ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನು ಈ ಮಾತನ್ನು ಹಾಗೇ ಒಪ್ಪಿಕೊಳ್ಳಲಿಲ್ಲ. ಸುಮ್ಮನಿದ್ದವನಿಗೆ ನಷ್ಟವಾಗುವುದು ಅಷ್ಟು ವರ್ಷದ ಫಸಲು ಮಾತ್ರ, ಭೂಮಿ ಅಲ್ಲ ಎಂದು ಅರ್ಥ ಹೇಳಿದ. ಬರೀ ಅನುಭೋಗದಿಂದ ಪರರ ಭೂಮಿ ನಮ್ಮದಾಗುವುದಿಲ್ಲ ಎಂಬುದು ಅವನ ನಿಲುವು.

ಅದೇ ಸ್ಮೃತಿಯಲ್ಲಿ ವಿನಾಯಿತಿಯ ಪಟ್ಟಿಯೂ ಇದೆ. ಅಡವಿಟ್ಟ ವಸ್ತು, ಊರ ಗಡಿ, ನಂಬಿ ಕೊಟ್ಟ ಠೇವಣಿ, ಬುದ್ಧಿ ಬೆಳೆಯದವರ ಆಸ್ತಿ, ಮಕ್ಕಳ ಆಸ್ತಿ, ಹೆಂಗಸರ ಆಸ್ತಿ, ರಾಜನ ಆಸ್ತಿ: ಇವುಗಳಿಗೆ ಈ ಗಡುವು ಇಲ್ಲ. ಇಂದಿನ ಕಾಯ್ದೆಯ 6ನೇ ಸೆಕ್ಷನ್ ಕೂಡ ಅಪ್ರಾಪ್ತ ವಯಸ್ಕರು ಮತ್ತು ಬುದ್ಧಿ ಸ್ಥಿಮಿತ ಇಲ್ಲದವರಿಗೆ ಗಡಿಯಾರ ನಿಲ್ಲಿಸುತ್ತದೆ. ಬಾಯಿ ಇಲ್ಲದವರ ಮೌನವನ್ನು ಒಪ್ಪಿಗೆ ಎಂದು ಎಣಿಸಬಾರದು ಎಂಬ ತಿಳಿವಳಿಕೆ ಅಷ್ಟು ಹಳೆಯದು.

ಕನ್ನಡಿಗರಿಗೆ ಐದಾರು ಗಡಿಯಾರ

ಈಸ್ಟ್ ಇಂಡಿಯಾ ಕಂಪನಿ ಕೋರ್ಟುಗಳನ್ನು ತೆರೆದಾಗ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ನಿಯಮ ಮಾಡಿತು. ಬಂಗಾಳಕ್ಕೆ 1793ರಲ್ಲಿ, ಮದ್ರಾಸಿಗೆ 1802ರಲ್ಲಿ, ಬೊಂಬಾಯಿಗೆ 1827ರಲ್ಲಿ. ಬಂಗಾಳ ಮತ್ತು ಮದ್ರಾಸಿನ ನಿಯಮಗಳಲ್ಲೇ 12 ವರ್ಷ ಎಂಬ ಅಂಕಿ ಕಾಣಿಸಿಕೊಂಡಿತು. ನಾವು ಇಂದಿಗೂ ಹೇಳುವ 'ಹನ್ನೆರಡು ವರ್ಷ'ದ ಬೇರು ಅಲ್ಲಿದೆ. ಇದರ ಜೊತೆಗೆ ಕಲ್ಕತ್ತಾ, ಮದ್ರಾಸ್, ಬೊಂಬಾಯಿ ನಗರಗಳ ಒಳಗೆ ಇಂಗ್ಲೆಂಡಿನ 1623ರ ಕಾನೂನು ನಡೆಯುತ್ತಿತ್ತು. ನಗರದ ಗಡಿ ದಾಟಿದರೆ ಗಡುವು ಬದಲು!

ಕನ್ನಡ ನಾಡಿನ ಪಾಡು ಇನ್ನೂ ವಿಚಿತ್ರ. ಧಾರವಾಡ, ಬೆಳಗಾವಿಯವರು ಬೊಂಬಾಯಿ ನಿಯಮದ ಕೆಳಗೆ. ಮಂಗಳೂರು, ಕಾಸರಗೋಡು, ಬಳ್ಳಾರಿಯವರು ಮದ್ರಾಸ್ ನಿಯಮದ ಕೆಳಗೆ. ಬೀದರ್, ಕಲಬುರಗಿ, ರಾಯಚೂರಿನವರು ಹೈದರಾಬಾದ್ ನಿಜಾಮರ ಕಾನೂನಿನ ಕೆಳಗೆ. ಕೊಡಗು ಬೇರೆ. ಹಳೇ ಮೈಸೂರು ಬೇರೆ.

ಬೆಂಗಳೂರು ಒಂದೇ ಊರಾದರೂ ಎರಡು ಆಡಳಿತ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿ ಕೊಟ್ಟಾಗ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅಲ್ಲಿ ರೆಸಿಡೆಂಟರ ಆಡಳಿತ, ಬ್ರಿಟಿಷ್ ಇಂಡಿಯಾದ ಕಾನೂನು. ಪೇಟೆ ಮತ್ತು ಪಶ್ಚಿಮದ ಹಳ್ಳಿಗಳು, ಅಂದರೆ ಇಂದಿನ ರಾಜಾಜಿನಗರದ ಕೇತಮಾರನಹಳ್ಳಿ, ವಿಜಯನಗರದ ಹೊಸಹಳ್ಳಿ, ಬಸವೇಶ್ವರನಗರದ ಪಕ್ಕದ ಸಾಣೇಗುರುವನಹಳ್ಳಿ ಮತ್ತು ಅದರಾಚೆಯ ಕೆಂಗೇರಿ, ಇವೆಲ್ಲ ಮಹಾರಾಜರ ಸರ್ಕಾರದ ಕೋರ್ಟುಗಳಿಗೆ ಸೇರಿದವು. ಮೈಸೂರು ಸರ್ಕಾರ ಬ್ರಿಟಿಷ್ ಕಾಯ್ದೆಗಳ ಮಾದರಿಯಲ್ಲೇ ತನ್ನ ಕಾನೂನು ಮಾಡುತ್ತಿತ್ತು. ಆದರೂ ಅಕ್ಕಪಕ್ಕದ ಎರಡು ಬೀದಿಗಳ ವ್ಯಾಜ್ಯಕ್ಕೆ ಎರಡು ಸರ್ಕಾರದ ಕಾಗದ ನೋಡಬೇಕಿತ್ತು. ದಂಡು ಪ್ರದೇಶ ಮೈಸೂರಿಗೆ ಮರಳಿದ್ದು 1947ರಲ್ಲಿ.

1859: ಒಂದೇ ಕಾನೂನು, ಮತ್ತು ಅದರ ಪೆಟ್ಟು

ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ಗಡುವು ಇರಲಿ ಎಂದು 1859ರಲ್ಲಿ 14ನೇ ಕಾಯ್ದೆ ಬಂತು. ಜಾರಿಯಾದದ್ದು 1862ರ ಜನವರಿ 1ರಿಂದ. ಸಾಲಪತ್ರಕ್ಕೆ ಮೂರು ವರ್ಷದ ಗಡುವು ಹಾಕಿದರು. ಉದ್ದೇಶ ಒಳ್ಳೆಯದೇ. ಸಾಹುಕಾರ ಹತ್ತಿಪ್ಪತ್ತು ವರ್ಷ ಬಡ್ಡಿ ಬೆಳೆಸಿ, ಅಪ್ಪನ ಸಾಲಕ್ಕೆ ಮಗನ ಜಮೀನು ಕಿತ್ತುಕೊಳ್ಳಬಾರದು ಎಂದು.

ಆದದ್ದು ಬೇರೆ. ಮೂರು ವರ್ಷ ಮುಗಿಯುತ್ತಾ ಬಂದಾಗ ಸಾಹುಕಾರ ರೈತನನ್ನು ಕರೆಸುತ್ತಿದ್ದ. ಅಸಲು, ಬಡ್ಡಿ ಎರಡನ್ನೂ ಕೂಡಿಸಿ, ಅದನ್ನೇ ಹೊಸ ಅಸಲು ಎಂದು ಬರೆದು, ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಿದ್ದ. ಮೂರು ವರ್ಷಕ್ಕೊಮ್ಮೆ ಹೀಗೆ. ಅಂದರೆ ಚಕ್ರಬಡ್ಡಿಗೆ ಕಾನೂನೇ ದಿನ ಗೊತ್ತು ಮಾಡಿ ಕೊಟ್ಟಂತಾಯಿತು. ರೈತನಿಗೆ ಓದಲು ಬಾರದು, ಏನು ಬರೆದಿದೆ ಗೊತ್ತಿಲ್ಲ.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾ ಎಂಬ ಸಂತೆ ಊರಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಗಲಭೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಇತಿಹಾಸದಲ್ಲಿ ಇದಕ್ಕೆ ದಖ್ಖನ್ ದಂಗೆ ಎಂದು ಹೆಸರು. ಗಮನಿಸಬೇಕಾದ್ದು ಒಂದಿದೆ: ರೈತರು ಮುಖ್ಯವಾಗಿ ಹುಡುಕಿದ್ದು ಹಣವನ್ನಲ್ಲ, ಸಾಲದ ಪತ್ರ ಮತ್ತು ಲೆಕ್ಕದ ಪುಸ್ತಕಗಳನ್ನು. ಸಿಕ್ಕಿದ್ದನ್ನು ಸುಟ್ಟರು. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಅದು ಆ ಭಾಗದ ರೈತರ ಸಾಲಕ್ಕೆ ಗಡುವನ್ನು ಉದ್ದ ಮಾಡಿತು: ನೋಂದಣಿಯಾದ ಪತ್ರಕ್ಕೆ 12 ವರ್ಷ, ಉಳಿದದ್ದಕ್ಕೆ 6 ವರ್ಷ. ಪದೇ ಪದೇ ಪತ್ರ ಹೊಸದು ಮಾಡಿಸುವ ಒತ್ತಡ ತಪ್ಪಲಿ ಎಂದು.

ಸಾಲಗಾರನನ್ನು ಉಳಿಸಲು ಮೊದಲು ಗಡುವು ಗಿಡ್ಡ ಮಾಡಿದರು, ಅದೇ ಸಾಲಗಾರನನ್ನು ಉಳಿಸಲು ಆಮೇಲೆ ಉದ್ದ ಮಾಡಿದರು. ಗಡುವು ಎಷ್ಟು ಉದ್ದ ಇದೆ ಅನ್ನುವುದಕ್ಕಿಂತ ಕಾಗದ ಯಾರ ಕೈಯಲ್ಲಿದೆ, ಅದನ್ನು ಓದಬಲ್ಲವರು ಯಾರು ಅನ್ನುವುದೇ ಹೆಚ್ಚು.

ಇಂದಿಗೂ ಅದೇ ಹೆಬ್ಬೆಟ್ಟು

ಇದು ಹಳೇ ಕತೆ ಎಂದು ಬಿಡಬೇಡಿ. ಇಂದಿನ ಕಾಯ್ದೆಯ 18 ಮತ್ತು 19ನೇ ಸೆಕ್ಷನ್ ನೋಡಿ. ಮೂರು ವರ್ಷ ಮುಗಿಯುವುದರೊಳಗೆ "ಸಾಲ ಇರುವುದು ನಿಜ" ಎಂದು ನೀವು ಬರೆದು ಸಹಿ ಹಾಕಿದರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದನ್ನು ನಿಮ್ಮ ಕೈಬರಹದಲ್ಲೋ ಸಹಿಯೊಂದಿಗೋ ದಾಖಲಿಸಿದರೆ, ಅಂದಿನಿಂದ ಮತ್ತೆ ಹೊಸದಾಗಿ ಎಣಿಕೆ ಶುರು. ಮೂರು ವರ್ಷ ಮುಗಿದ ಮೇಲೂ "ತೀರಿಸುತ್ತೇನೆ" ಎಂದು ಬರೆದು ಸಹಿ ಮಾಡಿಕೊಟ್ಟರೆ ಕರಾರು ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಅದು ಹೊಸ ಕರಾರೇ ಆಗುತ್ತದೆ. ಆದ್ದರಿಂದ "ಸುಮ್ನೆ ಒಂದು ಸಹಿ" ಎನ್ನುವುದು ಎಲ್ಲೂ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಗಡುವು ಮುಗಿದರೆ ಸಾಲವೇ ಸತ್ತಿತು ಎಂದಲ್ಲ. ಸಾಯುವುದು ದಾವೆ ಹೂಡುವ ಹಕ್ಕು. ಸಾಲ ಹಾಗೇ ಉಳಿಯುತ್ತದೆ. ನೀವಾಗಿ ತೀರಿಸಿದರೆ ವಾಪಸ್ ಕೇಳಲು ಆಗುವುದಿಲ್ಲ. ಆದರೆ ಭೂಮಿಯ ವಿಷಯದಲ್ಲಿ ಹೀಗಲ್ಲ. 27ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೇಳುವ ಗಡುವು ಮುಗಿದರೆ ಹಕ್ಕೇ ಅಳಿಸಿಹೋಗುತ್ತದೆ. 1871ರ ಕಾಯ್ದೆಯಲ್ಲಿ ಭೂಮಿಗೆ ಸಂಬಂಧಿಸಿ ಸೇರಿದ ನಿಯಮ ಇದು. ವಿಜ್ಞಾನೇಶ್ವರ ಫಸಲು ಮಾತ್ರ ಹೋಗುತ್ತದೆ ಎಂದಿದ್ದ, ಹೊಸ ಕಾನೂನು ಹೊಲವನ್ನೇ ಕಳೆದುಬಿಟ್ಟಿತು.

ಸಂಸ್ಥಾನಗಳು ಹೋದವು, ಗಡಿಯಾರ ಒಂದಾಯಿತು

1859ರ ಕಾಯ್ದೆಯನ್ನು ತೆಗೆದು 1871ರದ್ದು, ಅದನ್ನು ತೆಗೆದು 1877ರದ್ದು, ಅದನ್ನೂ ತೆಗೆದು 1908ರದ್ದು ಬಂತು. ಈ 1908ರ ಕಾಯ್ದೆ ಐವತ್ತೈದು ವರ್ಷ ಬಾಳಿತು. ಯಾವ ದಾವೆಗೆ ಎಷ್ಟು ದಿನ ಎಂದು ಅದರ ಪಟ್ಟಿಯಲ್ಲಿ 183 ಕಲಮುಗಳಿದ್ದವು.

ಮೈಸೂರು, ಹೈದರಾಬಾದ್ ಮುಂತಾದ ಹಿಂದಿನ ಸಂಸ್ಥಾನಗಳಿಗೆ ಈ ಕಾಯ್ದೆ ಬಂದದ್ದು ಸ್ವಾತಂತ್ರ್ಯದ ಮೇಲೆ. ಸಂವಿಧಾನದಲ್ಲಿ ಇವನ್ನು 'ಬಿ' ಭಾಗದ ರಾಜ್ಯಗಳು ಎಂದು ಕರೆದಿದ್ದರು. 1951ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿ, ಕೇಂದ್ರದ ಹಲವು ಕಾನೂನುಗಳನ್ನು ಆ ವರ್ಷದ ಏಪ್ರಿಲ್ 1ರಿಂದ ಈ ರಾಜ್ಯಗಳಿಗೂ ವಿಸ್ತರಿಸಿತು. ಗಡುವಿನ ಕಾಯ್ದೆಯೂ ಅದರಲ್ಲಿತ್ತು. ಕರ್ನಾಟಕ ಏಕೀಕರಣ ಆದದ್ದು 1956ರ ನವೆಂಬರ್ 1ರಂದು. ಅಂದರೆ ನಾಡು ಒಂದಾಗುವ ಐದು ವರ್ಷ ಮೊದಲೇ ಬೀದರಿನವರಿಗೂ ಕೆಂಗೇರಿಯವರಿಗೂ ಧಾರವಾಡದವರಿಗೂ ಕೋರ್ಟಿನ ಗಡಿಯಾರ ಒಂದಾಗಿತ್ತು.

ಅದೇ 1956ರಲ್ಲಿ ಎಂ.ಸಿ. ಸೆಟಲ್‌ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ ಮೂರನೇ ವರದಿಯಲ್ಲಿ ಈ ಕಾಯ್ದೆಯನ್ನು ಸರಳ ಮಾಡಲು ಹೇಳಿತು. ಹಾಗೆ ಬಂದದ್ದೇ 1963ರ ಕಾಯ್ದೆ. 1964ರ ಜನವರಿ 1ರಿಂದ ಜಾರಿಯಲ್ಲಿದೆ. 183 ಕಲಮುಗಳು 137ಕ್ಕೆ ಇಳಿದವು. ನಮಗೆ ಮುಖ್ಯವಾದ ಬದಲಾವಣೆ ಮೂರು.

ಒಂದು: ಭೋಗ್ಯಕ್ಕೋ ಅಡವಿಗೋ ಕೊಟ್ಟ ಜಮೀನು ಬಿಡಿಸಿಕೊಳ್ಳಲು ಮೊದಲು 60 ವರ್ಷ ಇತ್ತು, ಈಗ 30.

ಎರಡು: ಸರ್ಕಾರ ದಾವೆ ಹೂಡಲು ಮೊದಲು 60 ವರ್ಷ, ಈಗ 30.

ಮೂರು: ಜಮೀನಿನ ಮಾಲೀಕತ್ವ ತನ್ನದು ಎಂದು ದಾಖಲೆ ತೋರಿಸಿ ಸ್ವಾಧೀನ ಕೇಳುವವನು ಹಿಂದೆ ತಾನು 12 ವರ್ಷದೊಳಗೆ ಸ್ವಾಧೀನದಲ್ಲಿದ್ದೆ ಎಂದೂ ಸಾಬೀತು ಮಾಡಬೇಕಾದ ಸಂದರ್ಭ ಬರುತ್ತಿತ್ತು. ಈಗ 65ನೇ ಕಲಮಿನಂತೆ ಮಾಲೀಕತ್ವ ತೋರಿಸಿದರೆ ಸಾಕು. 12 ವರ್ಷ ವಿರೋಧದ ಅನುಭೋಗ ನನ್ನದು ಎಂದು ಸಾಬೀತು ಮಾಡುವ ಹೊರೆ ಎದುರಾಳಿಯ ಮೇಲೆ.

"ಹನ್ನೆರಡು ವರ್ಷ ಉತ್ತರೆ ನಮ್ದೇ" ಎಂದು ಹಳ್ಳಿ ಕಟ್ಟೆಯ ಮೇಲೆ ಹೇಳುವವರು ಇದನ್ನು ಗಮನಿಸಬೇಕು. ಗುತ್ತಿಗೆಗೆ ಕೊಟ್ಟದ್ದು, ನೋಡಿಕೊಳ್ಳಲು ಬಿಟ್ಟದ್ದು, ಅಣ್ಣತಮ್ಮಂದಿರಲ್ಲಿ ಒಬ್ಬ ಉಳುತ್ತಿರುವುದು, ಇವೆಲ್ಲ ಎಷ್ಟು ವರ್ಷವಾದರೂ ತಮ್ಮಷ್ಟಕ್ಕೆ ವಿರೋಧದ ಅನುಭೋಗ ಆಗುವುದಿಲ್ಲ. ವಿಜಯಪುರದ ಆಸ್ತಿಗಳ ಬಗ್ಗೆ ಕರ್ನಾಟಕ ವಕ್ಫ್ ಮಂಡಳಿ ಮತ್ತು ಕೇಂದ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಅನುಭೋಗ ಬಹಿರಂಗವಾಗಿರಬೇಕು, ಎಡೆಬಿಡದೆ ಇರಬೇಕು, ನಿಜ ಮಾಲೀಕನ ಹಕ್ಕನ್ನು ನಿರಾಕರಿಸುವಂತಿರಬೇಕು.

ಹಳ್ಳಿ ಬಡಾವಣೆಯಾದಾಗ

ಈಗ ಬೆಂಗಳೂರಿನ ಪಶ್ಚಿಮಕ್ಕೆ ಬನ್ನಿ. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಹುಟ್ಟಿತು. 1949ರಲ್ಲಿ ಸಿ. ರಾಜಗೋಪಾಲಾಚಾರಿ ಅವರಿಂದ ಕೈಗಾರಿಕಾ ಉಪನಗರಕ್ಕೆ ಶಂಕುಸ್ಥಾಪನೆ ಆಯಿತು, ಅವರ ಹೆಸರೇ ರಾಜಾಜಿನಗರಕ್ಕೆ ನಿಂತಿತು. ಮುಂದೆ ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ ಬಂದವು. 1976ರಲ್ಲಿ ಬಿಡಿಎ ಬಂತು. ಊರು ಬೆಳೆದಂತೆ ರಾಗಿ ಹೊಲಗಳು ಸೈಟುಗಳಾದವು.

ಜಮೀನು ಬಿಟ್ಟುಕೊಟ್ಟವರಿಗೆ ಪರಿಹಾರ ಸಿಗುತ್ತಿತ್ತು. ಸಾಲದು ಎನಿಸಿದರೆ ಕೋರ್ಟಿಗೆ ಹೋಗುವ ದಾರಿಯೂ ಇತ್ತು. 1894ರ ಭೂಸ್ವಾಧೀನ ಕಾಯ್ದೆಯ 18ನೇ ಸೆಕ್ಷನ್ ಅದು. ನಮ್ಮ ರಾಜ್ಯ ಇದಕ್ಕೆ ತನ್ನದೇ ತಿದ್ದುಪಡಿ ಮಾಡಿಕೊಂಡಿತ್ತು. ನೋಟಿಸ್ ಸಿಕ್ಕ 90 ದಿನದಲ್ಲಿ ರೈತ ಅರ್ಜಿ ಕೊಡಬೇಕು. ಅಧಿಕಾರಿ ಅದನ್ನು 90 ದಿನದಲ್ಲಿ ಕೋರ್ಟಿಗೆ ಕಳಿಸಬೇಕು.

ಅಧಿಕಾರಿ ಕಳಿಸದಿದ್ದರೆ? ರೈತ ತಾನೇ ಕೋರ್ಟಿಗೆ ಹೋಗಿ "ಕಳಿಸಲು ಹೇಳಿ" ಎಂದು ಕೇಳಬಹುದು ಎಂದಿತ್ತು. ಎಷ್ಟು ದಿನದೊಳಗೆ ಎಂದು ಆ ಸೆಕ್ಷನ್ ಹೇಳಿರಲಿಲ್ಲ. ರೈತರು ಏನು ತಿಳಿಯುತ್ತಾರೆ? ಅರ್ಜಿ ಕೊಟ್ಟಾಗಿದೆ, ಕಚೇರಿಯಲ್ಲಿದೆ, ಕರೆ ಬರುತ್ತದೆ ಎಂದು ಕಾಯುತ್ತಾರೆ. ಬೆಂಗಳೂರಿನ ವಿಶೇಷ ಭೂಸ್ವಾಧೀನ ಅಧಿಕಾರಿಯ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1994ರಲ್ಲಿ ವರದಿಯಾದ ಆ ತೀರ್ಪಿನಲ್ಲಿ ಕೋರ್ಟ್ 1963ರ ಕಾಯ್ದೆಯ ಕೊನೆಯ ಕಲಮು, 137ನೆಯದನ್ನು ಹಿಡಿಯಿತು. ಗಡುವು ಹೇಳದ ಅರ್ಜಿಗಳಿಗೆಲ್ಲ ಮೂರು ವರ್ಷ ಎನ್ನುವ ಕಲಮು ಅದು. ಅಧಿಕಾರಿಯ 90 ದಿನ ಮುಗಿದ ಮೇಲೆ ಮೂರು ವರ್ಷ, ಅಷ್ಟೇ.

ತರ್ಕ ಸರಿ ಇರಬಹುದು. ಆದರೆ ಫಲ ನೋಡಿ. ಕೆಲಸ ಮಾಡದೆ ಕೂತದ್ದು ಕಚೇರಿ, ಗಡಿಯಾರ ಓಡಿದ್ದು ರೈತನ ಮೇಲೆ. ಅರ್ಜಿ ಕೊಡುವುದು ಒಂದು ಕೆಲಸ, ಅದು ಮುಂದೆ ಹೋಯಿತೇ ಎಂದು ನೋಡುವುದು ಇನ್ನೊಂದು ಕೆಲಸ ಎಂಬ ಪಾಠ ದುಬಾರಿಯಾದದ್ದು. 2013ರ ಹೊಸ ಭೂಸ್ವಾಧೀನ ಕಾಯ್ದೆಯ 64ನೇ ಸೆಕ್ಷನ್‌ನಲ್ಲಿ ಗಡುವು ಇನ್ನೂ ಗಿಡ್ಡ: ಐತೀರ್ಪಿನ ವೇಳೆ ಹಾಜರಿದ್ದವರಿಗೆ ಆರು ವಾರ. ಹಾಜರಿಲ್ಲದವರಿಗೆ ನೋಟಿಸ್ ಸಿಕ್ಕ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲೋ ಅದು. ತಕ್ಕ ಕಾರಣ ಇದ್ದರೆ ಇನ್ನೊಂದು ವರ್ಷದವರೆಗೆ ಅವಕಾಶ ಕೊಡಬಹುದು.

ಗಡುವೇ ಇಲ್ಲದ ಕಾಯ್ದೆ

ನಮ್ಮ ರಾಜ್ಯದಲ್ಲಿ ಗಡುವು ಎಷ್ಟು ಜನರ ಬದುಕು ಬರೆದಿದೆ ಎಂಬುದಕ್ಕೆ ಫಾರಂ ನಂಬರ್ 7 ಸಾಕು. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ಗೇಣಿ ಜಮೀನು 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿತು. ಉಳುವವನು ಅರ್ಜಿ ಹಾಕಬೇಕಿತ್ತು. ಕೊನೆಯ ದಿನ 1979ರ ಜೂನ್ 30. ಹಾಕಿದವರು ಒಡೆಯರಾದರು. ಹೆದರಿ, ತಿಳಿಯದೆ, ಧಣಿಯ ಮುಲಾಜಿಗೆ ಹಾಕದೆ ಉಳಿದವರು ಹಾಗೇ ಉಳಿದರು.

ಇದಕ್ಕೆ ಉಲ್ಟಾ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ನಿಯಮ ಮೀರಿ ಬೇರೆಯವರು ಕೊಂಡಿದ್ದರೆ ಅದನ್ನು ಮರಳಿ ಕೊಡಿಸುವ ಕಾನೂನು. 1979ರ ಜನವರಿ 1ರಿಂದ ಜಾರಿ. ಅರ್ಜಿಗೆ ಗಡುವು ಎಂದು ಅದರಲ್ಲಿ ಬರೆದಿರಲೇ ಇಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಡುವು ಬರೆದಿಲ್ಲದಿದ್ದರೂ 'ಸಮಂಜಸ ಕಾಲ'ದೊಳಗೆ ಬರಬೇಕು ಎಂದಿತು. ಆ ಮೇಲೆ ತಡವಾದ ಅರ್ಜಿಗಳು ಬೀಳತೊಡಗಿದವು. ದಲಿತ ಸಂಘಟನೆಗಳು ಹೋರಾಡಿದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಇಂಥ ಅರ್ಜಿಗೆ ಕಾಲದ ಮಿತಿ ಇಲ್ಲ ಎಂದು ಬರೆಯಿತು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಗಡುವು ಬೇರೆ, ವಿಪರೀತ ವಿಳಂಬ ಬೇರೆ ಎಂದು ಹೇಳಿ ತಡವನ್ನು ಮತ್ತೆ ಲೆಕ್ಕಕ್ಕೆ ತೆಗೆದುಕೊಂಡಿತು.

ಇಲ್ಲಿ ಎರಡೂ ಕಡೆ ಮಾತಿದೆ. ಮೂವತ್ತು ವರ್ಷದ ಹಿಂದೆ ಕೊಂಡವನಿಗೆ, ಅವನಿಂದ ಮತ್ತೆ ಕೊಂಡವನಿಗೆ ಯಾವತ್ತಾದರೂ ನೆಮ್ಮದಿ ಬೇಡವೇ ಎಂಬುದು ಒಂದು. ತಾನು ಕಳೆದುಕೊಂಡದ್ದನ್ನು ಕೇಳುವ ಧೈರ್ಯ ಬರಲೇ ಒಂದು ತಲೆಮಾರು ಬೇಕಾದವನಿಗೆ ದಿನ ಎಣಿಸುವುದು ನ್ಯಾಯವೇ ಎಂಬುದು ಇನ್ನೊಂದು. ಸಾವಿರ ವರ್ಷದ ಹಿಂದೆ ಕಲ್ಯಾಣದಲ್ಲಿ ನಡೆದದ್ದೂ ಇದೇ ಚರ್ಚೆ.

ನಿಂತ ಗಡಿಯಾರ, ನಿಲ್ಲದ ಗಡಿಯಾರ

ಒಮ್ಮೆ ಮಾತ್ರ ಇಡೀ ದೇಶದ ಗಡಿಯಾರ ನಿಂತಿತ್ತು. ಕೊರೊನಾ ಕಾಲದಲ್ಲಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಗಡುವಿನ ಲೆಕ್ಕದಿಂದ ಬಿಡಬೇಕು ಎಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತು.

ಉಳಿದಂತೆ ಅದು ಓಡುತ್ತಲೇ ಇರುತ್ತದೆ. ಎದುರಾಳಿ ಕೇಳದಿದ್ದರೂ ಗಡುವು ಮೀರಿದ ದಾವೆಯನ್ನು ಕೋರ್ಟ್ ತಾನಾಗಿ ವಜಾ ಮಾಡಬೇಕು, 3ನೇ ಸೆಕ್ಷನ್ ಹಾಗೆ ಹೇಳುತ್ತದೆ. ತಡವನ್ನು ಮನ್ನಿಸುವ 5ನೇ ಸೆಕ್ಷನ್ ಇರುವುದು ಮೇಲ್ಮನವಿ ಮತ್ತು ಅರ್ಜಿಗಳಿಗೆ, ಮೂಲ ದಾವೆಗೆ ಅಲ್ಲ. ಅಪ್ರಾಪ್ತ ವಯಸ್ಸಿನಲ್ಲಿದ್ದಾಗ ಪೋಷಕರು ತಮ್ಮ ಆಸ್ತಿ ಮಾರಿದ್ದಾರೆ ಎನ್ನುವವರಿಗೆ 18 ತುಂಬಿದ ಮೇಲೆ ಮೂರೇ ವರ್ಷ.

ಹಾಗಾಗಿ ಓದುಗರಲ್ಲಿ ಒಂದೆರಡು ಮಾತು. ಯಾವುದೇ ನೋಟಿಸ್ ಬಂದರೆ ಲಕೋಟೆ ಬಿಸಾಡಬೇಡಿ, ಕೈಗೆ ಬಂದ ತಾರೀಖನ್ನು ಅದರ ಮೇಲೆ ಬರೆದಿಡಿ. ಕಚೇರಿಗೆ ಕೊಟ್ಟ ಅರ್ಜಿಗೆ ಮೊಹರು, ತಾರೀಖು ಇರುವ ಸ್ವೀಕೃತಿ ಕೇಳಿ. ವಕೀಲರ ಖರ್ಚಿಗೆ ಹೆದರಿ ದಿನ ದೂಡುವುದಾದರೆ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆ ನಮ್ಮಲ್ಲಿದೆ. ಒಲೆ ಇನ್ನೂ ಉರಿಯುತ್ತಿರುವಾಗಲೇ ನಿಮ್ಮ ಮನೆಯ ಟ್ರಂಕು ತೆರೆದು, ಹಳೇ ಕಾಗದಗಳ ಮೇಲಿನ ತಾರೀಖನ್ನು ಒಮ್ಮೆ ಓದಿ ನೋಡಿ.